ಕೌಂಟರಿನ ಹಿಂದಿನ ಮೆಟ್ಟಿಲುಗಳು



ಕಳೆದ ತಿಂಗಳು ನಂಜನಗೂಡಿನಲ್ಲಿ ಬಂಧುಗಳೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಪ್ರಸಾದ ಸ್ವೀಕರಿಸಿ ಜಗುಲಿಯ ಮೇಲೆ ಕುಳಿತಿದ್ದಾಗ, ತಿರುಮಕೂಡಲು ನರಸೀಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದಿದ್ದ ತಾಯಿಯೊಬ್ಬರನ್ನು ಪಕ್ಕದಲ್ಲಿದ್ದ ಹಿರಿಯರು ಕೇಳಿದರು: "ಮಗ ಏನು ಮಾಡ್ಕೊಂಡಿದ್ದಾನೆ ತಾಯಿ?" ಆ ಹಿರಿಯರ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತಾಯಿ ಒಂದು ಕ್ಷಣ ತಡೆದು, "ಮೈಸೂರಿನಲ್ಲಿ ಕಂಪನಿ ಕೆಲಸ" ಎಂದರು. ಕಂಬಕ್ಕೆ ಒರಗಿ ನಿಂತಿದ್ದ ಮಗ ತಲೆ ತಗ್ಗಿಸಿದ.

ಸಂಜೆ ಆ ಹುಡುಗನೇ ನಮ್ಮ ಬಳಿ ಬಂದು ಕುಳಿತ. ಅವನು ಇರುವುದು ಮೈಸೂರಿನ ಒಂದು ಫಾಸ್ಟ್ ಫುಡ್ ಮಳಿಗೆಯಲ್ಲಿ. ಪಿ.ಯು.ಸಿ. ಮುಗಿಸಿ ಸೇರಿದವನು, ನಾಲ್ಕು ವರ್ಷಗಳಾಗಿವೆ. ನೆಲ ಒರೆಸುವುದರಿಂದ ಆರಂಭಿಸಿ, ಎಣ್ಣೆಯ ಬಾಣಲೆಯ ಮುಂದೆ ನಿಂತು, ಕೌಂಟರಿಗೆ ಬಂದು, ಈಗ ಹೊಸಬರಿಗೆ ಕೆಲಸ ಕಲಿಸುವವನಾಗಿದ್ದಾನೆ. ಕಳೆದ ವರ್ಷ ಸಹಾಯಕ ವ್ಯವಸ್ಥಾಪಕರ ಸ್ಥಾನ ತೆರವಾದಾಗ ಇವನ ಹೆಸರು ಮುಂದೆ ಹೋಗಲಿಲ್ಲ. ಪದವಿ ಇಲ್ಲ ಎಂಬುದೇ ಕಾರಣ. ಪದವಿ ಮುಗಿಸಿ ಬಂದ ಇನ್ನೊಬ್ಬ ತರುಣನಿಗೆ ಆ ಸ್ಥಾನ ದೊರೆಯಿತು. "ದೊಡ್ಡಪ್ಪ, ಆಲೂಗಡ್ಡೆ ಎಷ್ಟು ನಿಮಿಷ ಬೇಯಬೇಕು ಅಂತ ನಾನು ಹೇಳಿಕೊಟ್ಟೋನೇ ಈಗ ನನ್ನ ರಜಾ ಚೀಟಿಗೆ ಸಹಿ ಹಾಕ್ತಾನೆ. ಕೆಲಸ ಬಿಟ್ಟು ಊರಿಗೆ ಬಂದುಬಿಡ್ಲಾ?" ಎಂದು ಕೇಳಿದ.

ಆ ಪ್ರಶ್ನೆಗೆ ಅಂದು ನಾವು ತಕ್ಷಣ ಉತ್ತರ ಕೊಡಲಿಲ್ಲ. ಇಂದು ನಮ್ಮ ನೂರಾರು ಮನೆಗಳ ಮಕ್ಕಳು ಇಂತಹ ಮಳಿಗೆಗಳಲ್ಲಿ ಬಣ್ಣದ ಅಂಗಿ ತೊಟ್ಟು ನಿಂತಿದ್ದಾರೆ. ಬಡ್ತಿ ದೊರೆಯುವುದು ಕೈಯ ಕೆಲಸಕ್ಕೋ ಕಾಗದದ ಅರ್ಹತೆಗೋ ಎಂಬುದನ್ನು ಹಿರಿಯರಾದ ನಾವು ತಿಳಿದು ಹೇಳಬೇಕಾಗಿದೆ.

ಫಾಸ್ಟ್ ಫುಡ್ ಎಂದೊಡನೆ ಅದು ಪರದೇಶದ ಸರಕೆಂದು ಭಾವಿಸುವುದುಂಟು. ಆದರೆ ನಿಂತುಕೊಂಡು ಬೇಗ ತಿಂದು ಹೊರಡುವ ಕ್ರಮವನ್ನು ಕನ್ನಡ ನಾಡು ತನ್ನದೇ ರೀತಿಯಲ್ಲಿ ರೂಪಿಸಿಕೊಂಡಿತ್ತು. 1983ರಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಂತೆ ಬೆಂಗಳೂರಿನ ಜಯನಗರದಲ್ಲಿ 'ಕೆಫೆ ದರ್ಶಿನಿ' ಆರಂಭವಾಯಿತು. ಬಳಿಕ ದರ್ಶಿನಿಗಳು ಊರೂರಿಗೆ ಹರಡಿದವು. ಹೊರದೇಶದ ಸರಣಿ ಮಳಿಗೆಗಳು ಬಂದದ್ದು ಅದಾದ ಹನ್ನೆರಡು ವರ್ಷಗಳ ಮೇಲೆ. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆ.ಎಫ್.ಸಿ. ತೆರೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ಅದನ್ನು ಉಗ್ರವಾಗಿ ವಿರೋಧಿಸಿದ್ದನ್ನು ಹಿರಿಯ ಓದುಗರು ಮರೆತಿರಲಾರರು. 1996ರಲ್ಲಿ ಮೆಕ್‌ಡೊನಾಲ್ಡ್ಸ್ ದೆಹಲಿ, ಮುಂಬಯಿಗಳಲ್ಲಿ ಬಾಗಿಲು ತೆರೆಯಿತು. ಈಗ ಇಂತಹ ಮಳಿಗೆಗಳು ಮೈಸೂರಿನಲ್ಲಿಯೂ ಇವೆ. ನಮ್ಮ ಭಾಗದ ತರುಣರಿಗೆ ಮೊದಲ ಸಂಬಳ ಕೊಡುವ ಸ್ಥಳಗಳಲ್ಲಿ ಅವೂ ಸೇರಿವೆ.

ಈ ಎರಡು ಬಗೆಯ ಮಳಿಗೆಗಳಲ್ಲಿ ಬಡ್ತಿಯ ದಾರಿ ಬೇರೆ ಬೇರೆ. ದರ್ಶಿನಿಯಲ್ಲಿ ಕ್ಲೀನರ್ ಆಗಿ ಸೇರಿದವನು ಸಪ್ಲೈಯರ್ ಆಗುತ್ತಾನೆ. ಕೈ ಚುರುಕಾಗಿದ್ದರೆ ದೋಸೆಯ ಕಾವಲಿಯ ಮುಂದೆ ನಿಲ್ಲುತ್ತಾನೆ. ಅಲ್ಲಿ ಯಾರೂ ಅಂಕಪಟ್ಟಿ ಕೇಳುವುದಿಲ್ಲ. ಆದರೆ ಗಲ್ಲಾಪೆಟ್ಟಿಗೆಯ ಮುಂದಿನ ಕುರ್ಚಿ ಬಹುಮಟ್ಟಿಗೆ ಮಾಲೀಕರ ಮಗನಿಗೋ ಅಳಿಯನಿಗೋ ಊರಿನ ನಂಬಿಕಸ್ಥನಿಗೋ ಮೀಸಲು. ಅಲ್ಲಿ ಪದವಿ ಇದ್ದರೂ ಲಾಭವಿಲ್ಲ, ದುಡಿಮೆ ಇದ್ದರೂ ಸಾಲದು; ಮಾಲೀಕರ ವಿಶ್ವಾಸ ಗಳಿಸಬೇಕು.

ಸರಣಿ ಮಳಿಗೆಗಳಲ್ಲಿ ಮೆಟ್ಟಿಲುಗಳು ಎಣಿಸಿಟ್ಟಂತೆ ಇರುತ್ತವೆ. ಮೊದಲು ಸಾಮಾನ್ಯ ಕೆಲಸಗಾರ, ಆಮೇಲೆ ಕಲಿಸುವವನು, ಆಮೇಲೆ ಒಂದು ಪಾಳಿಯ ಮುಖ್ಯಸ್ಥ, ಅದರ ಮೇಲೆ ಸಹಾಯಕ ವ್ಯವಸ್ಥಾಪಕ, ಕೊನೆಗೆ ಮಳಿಗೆಯ ವ್ಯವಸ್ಥಾಪಕ. ಪಾಳಿಯ ಮುಖ್ಯಸ್ಥನಾಗುವವರೆಗೆ ನೋಡುವುದು ಹೆಚ್ಚಾಗಿ ಕೈಯನ್ನು, ಮಾತನ್ನು, ಹೊತ್ತಿಗೆ ಸರಿಯಾಗಿ ಬರುವುದನ್ನು. ಜನಜಂಗುಳಿಯ ಭಾನುವಾರ ಸಂಜೆ ತಾಳ್ಮೆ ಕಳೆದುಕೊಳ್ಳದ ಹುಡುಗನಿಗೆ ಅಲ್ಲಿ ಬೆಲೆಯುಂಟು. ಎಸ್.ಎಸ್.ಎಲ್.ಸಿ.ಯಲ್ಲಿ ಎಡವಿದವನೂ ಅಲ್ಲಿಯವರೆಗೆ ಏರಬಲ್ಲ.

ಅದರ ಮೇಲಿನ ಮೆಟ್ಟಿಲಿನಲ್ಲಿ ಕೆಲಸದ ಸ್ವರೂಪವೇ ಬದಲಾಗುತ್ತದೆ. ಅಲ್ಲಿ ಮಾಡುವುದು ಅಡುಗೆಯಲ್ಲ, ಲೆಕ್ಕ. ಇಂದು ಎಷ್ಟು ಬ್ರೆಡ್ ಬಂತು, ಎಷ್ಟು ಮಾರಾಟವಾಯಿತು, ಎಷ್ಟು ಹಾಳಾಯಿತು. ಶೀತಲ ಪೆಟ್ಟಿಗೆಯ ಉಷ್ಣತೆಯನ್ನು ಹೊತ್ತುಹೊತ್ತಿಗೆ ಬರೆದಿಟ್ಟರೆ. ಮುಂದಿನ ವಾರ ಯಾವ ಪಾಳಿಗೆ ಎಷ್ಟು ಮಂದಿ ಬೇಕು. ಮೇಲಿನ ಕಚೇರಿಯಿಂದ ಬಂದ ಇಂಗ್ಲಿಷ್ ಪತ್ರಕ್ಕೆ ಉತ್ತರವೇನು. ನೂರು ರೂಪಾಯಿಯ ಮಾರಾಟದಲ್ಲಿ ಎರಡು ರೂಪಾಯಿಯ ಪದಾರ್ಥ ಕಸದ ಬುಟ್ಟಿಗೆ ಹೋದರೆ, ದಿನಕ್ಕೆ ಐವತ್ತು ಸಾವಿರ ವ್ಯಾಪಾರದ ಮಳಿಗೆಗೆ ತಿಂಗಳಿಗೆ ಮೂವತ್ತು ಸಾವಿರ ನಷ್ಟ. ಇದನ್ನು ಕಂಡುಹಿಡಿದು ತಡೆಯುವವನೇ ವ್ಯವಸ್ಥಾಪಕ. ಈ ವಿದ್ಯೆ ಕಾಲೇಜಿಗೆ ಹೋಗದವನಿಗೆ ಬರುವುದಿಲ್ಲವೆಂದಲ್ಲ. ಆದರೆ ಬರುತ್ತದೆ ಎಂದು ದೂರದ ಕಚೇರಿಯಲ್ಲಿ ಕುಳಿತ ಅಧಿಕಾರಿಗೆ ಹೇಳುವವರು ಯಾರು? ಅವರು ಆ ಹುಡುಗನ ಮುಖ ಕಂಡಿಲ್ಲ. ನೂರು ಅರ್ಜಿಗಳ ನಡುವೆ ಅವರು ಕೈಗೆತ್ತಿಕೊಳ್ಳುವ ಜರಡಿಯೇ ಪದವಿ. ಜರಡಿಯ ಕಣ್ಣಿನಲ್ಲಿ ಒಳ್ಳೆಯ ಕಾಳೂ ಕೆಲವೊಮ್ಮೆ ಕೆಳಗೆ ಬೀಳುತ್ತದೆ. ನಮ್ಮ ಹುಡುಗನಿಗೆ ಆದದ್ದು ಅದೇ.

ಇದಕ್ಕೆ ಎದುರಾಗಿ ಕೆಲವು ದೊಡ್ಡ ಉದಾಹರಣೆಗಳನ್ನು ಹೇಳುವವರಿದ್ದಾರೆ. ಆಸ್ಟ್ರೇಲಿಯಾದ ಚಾರ್ಲಿ ಬೆಲ್ ಎಂಬುವರು ಹದಿನೈದನೆಯ ವಯಸ್ಸಿನಲ್ಲಿ ಸಿಡ್ನಿಯ ಮೆಕ್‌ಡೊನಾಲ್ಡ್ಸ್ ಮಳಿಗೆಯೊಂದರಲ್ಲಿ ಅರೆಕಾಲಿಕ ಕೆಲಸಕ್ಕೆ ಸೇರಿ, ಹತ್ತೊಂಬತ್ತಕ್ಕೆ ಮಳಿಗೆಯ ವ್ಯವಸ್ಥಾಪಕರಾಗಿ, 2004ರಲ್ಲಿ ಇಡೀ ಜಾಗತಿಕ ಸಂಸ್ಥೆಯ ಮುಖ್ಯಾಧಿಕಾರಿಯಾದರು. ಅವರ ನಂತರ ಬಂದ ಜಿಮ್ ಸ್ಕಿನ್ನರ್ ಕೂಡ ಕಾಲೇಜು ಪದವಿ ಪಡೆದವರಲ್ಲ. ಆದರೆ 2019ರಲ್ಲಿ ಅದೇ ಕುರ್ಚಿಗೆ ಬಂದ ಕ್ರಿಸ್ ಕೆಂಪ್‌ಚಿನ್ಸ್ಕಿ ಹಾರ್ವರ್ಡ್‌ನಲ್ಲಿ ವ್ಯವಹಾರ ಆಡಳಿತ ಓದಿದವರು. ನಮ್ಮವರೇ ಆದ ಕಾರ್ಕಳದ ಜಯರಾಮ ಬನಾನ್ ಅವರು 1967ರಲ್ಲಿ ಬಾಲಕನಾಗಿ ಮನೆ ಬಿಟ್ಟು ಹೋಗಿ, ಮಹಾರಾಷ್ಟ್ರದ ಪನ್ವೇಲ್ ಕಡೆಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದು, ಅಲ್ಲಿಯೇ ಮೇಲೇರಿ, 1986ರಲ್ಲಿ ದೆಹಲಿಯ ಡಿಫೆನ್ಸ್ ಕಾಲೊನಿಯಲ್ಲಿ ಸ್ವಂತ ಹೋಟೆಲು ತೆರೆದರು. ಮುಂದೆ ಅದು 'ಸಾಗರ್ ರತ್ನ' ಎಂಬ ದೊಡ್ಡ ಸರಣಿಯಾಯಿತು.

ಇವೆಲ್ಲ ಹೆಮ್ಮೆಯ ಕಥೆಗಳೇ. ಆದರೆ ಇವುಗಳನ್ನು ಮಕ್ಕಳ ಮುಂದಿಡುವಾಗ ನಾವು ಎಚ್ಚರದಿಂದಿರಬೇಕು. ಬನಾನ್ ಅವರು ಕೊನೆಗೆ ಮೇಲೆ ಬಂದದ್ದು ಇನ್ನೊಬ್ಬರು ಕೊಟ್ಟ ಬಡ್ತಿಯಿಂದಲ್ಲ, ತಾವೇ ಮಾಲೀಕರಾದುದರಿಂದ. ಬೆಲ್ ಅವರು ಸೇರಿದ್ದು ಅರ್ಧ ಶತಮಾನದ ಹಿಂದೆ. ಆಗ ಪದವೀಧರರು ಕೌಂಟರಿನ ಮುಂದೆ ಸಾಲುಗಟ್ಟಿರಲಿಲ್ಲ. ಈಗ ನಮ್ಮ ತಾಲ್ಲೂಕುಗಳಲ್ಲಿಯೇ ಮನೆಗೊಬ್ಬ ಪದವೀಧರರಿದ್ದಾರೆ. ಎಲ್ಲರ ಕೈಯಲ್ಲಿಯೂ ಕಾಗದವಿರುವಾಗ ಕಾಗದವಿಲ್ಲದವನು ಎದ್ದು ಕಾಣುತ್ತಾನೆ. ಪದವಿ ಇದ್ದ ಮಾತ್ರಕ್ಕೆ ಬಡ್ತಿ ಬರುವುದಿಲ್ಲ. ಇಲ್ಲದಿದ್ದರೆ ಬಡ್ತಿ ತಪ್ಪುವುದುಂಟು. ವಿಷಯದ ತಿರುಳು ಇಷ್ಟೇ.

ಇನ್ನೊಂದು ಮುಖವನ್ನೂ ಹೇಳಬೇಕು. ನಂಜನಗೂಡಿನ ಹೆಣ್ಣುಮಗಳೊಬ್ಬಳು ಬಿ.ಕಾಂ. ಮುಗಿಸಿ ಇಂತಹುದೇ ಮಳಿಗೆಯಲ್ಲಿದ್ದಾಳೆ. ಅವಳಿಗೆ ಕಾಗದವೂ ಇದೆ, ಕೈಯೂ ಇದೆ. ಆದರೆ ಮೇಲಿನ ಹುದ್ದೆಗೆ ಹೋದರೆ ವಾರದಲ್ಲಿ ಕೆಲವು ದಿನ ರಾತ್ರಿ ಮಳಿಗೆ ಮುಚ್ಚಿ, ಹಣ ಎಣಿಸಿ, ಬೀಗ ಹಾಕಿ ಬರಬೇಕು. ಆ ಹೊತ್ತಿಗೆ ಊರಿನ ಕಡೆಯ ಬಸ್ಸು ಹೊರಟುಹೋಗಿರುತ್ತದೆ. ಮನೆಯವರು ಬೇಡವೆಂದರು, ಅವಳು ಕೌಂಟರಿನಲ್ಲಿಯೇ ಉಳಿದಳು. ಅಲ್ಲಿ ತಡೆದದ್ದು ಅರ್ಹತೆಯಲ್ಲ, ಇಪ್ಪತ್ತೈದು ಕಿಲೋಮೀಟರಿನ ರಾತ್ರಿಯ ರಸ್ತೆ. ಮಗಳಿಗೆ ಮೈಸೂರಿನಲ್ಲಿ ಒಳ್ಳೆಯ ವಸತಿನಿಲಯ ಹುಡುಕುವುದು ಸಾಧ್ಯವಿತ್ತೆ? ಅಥವಾ ಬಡ್ತಿಯ ಜೊತೆಗೆ ಮನೆಗೆ ಬಿಡುವ ವಾಹನವನ್ನೂ ಕೇಳಬಹುದಿತ್ತೆ? ಹೆತ್ತವರು ಒಮ್ಮೆ ಕುಳಿತು ಯೋಚಿಸಿದ್ದರೆ ಒಳಿತಿತ್ತು ಎಂದು ನಮಗನಿಸುತ್ತದೆ.

ಹಾಗಾದರೆ ಕೆಲಸ ಬಿಟ್ಟು ಓದಬೇಕೆ, ಓದು ಬಿಟ್ಟು ದುಡಿಯಬೇಕೆ? ಎರಡೂ ಅಲ್ಲ. ನರಸೀಪುರದ ತಿರುಮಕೂಡಲಿನಲ್ಲಿ ಕಪಿಲೆ ತನ್ನ ದಾರಿಯನ್ನು ಬಿಟ್ಟು ಬಂದು ಕಾವೇರಿಯನ್ನು ಸೇರಿದ್ದಲ್ಲ. ಹರಿಯುತ್ತಲೇ ಬಂದು ಸೇರಿತು. ದುಡಿಮೆಯೂ ಓದೂ ಹಾಗೆಯೇ ಕೂಡಬೇಕು. ಹಿಂದೆ ಮುಂಬಯಿಗೆ ಹೋದ ಕರಾವಳಿಯ ಹೋಟೆಲ್ ಹುಡುಗರು ಹಗಲು ತಟ್ಟೆ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಕುಳಿತು ಓದಿದರು. ಹಾಗೆ ಓದಿದವರಲ್ಲಿ ವಕೀಲರಾದವರು, ಬ್ಯಾಂಕಿನ ಅಧಿಕಾರಿಗಳಾದವರು, ಸ್ವಂತ ಹೋಟೆಲು ತೆರೆದವರು ಇದ್ದಾರೆ. ಅವರಿಗೆ ಇದ್ದ ಅನುಕೂಲಕ್ಕಿಂತ ಇಂದಿನ ಅನುಕೂಲ ಹೆಚ್ಚು.

ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ.ಯಲ್ಲಿ ಎಡವಿದ ಮಕ್ಕಳು ನಿರಾಶರಾಗಬೇಕಿಲ್ಲ; ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವನ್ನು ಕಲ್ಪಿಸಲಾಗಿದೆ. ಪಿ.ಯು.ಸಿ. ಆದವರಿಗೆ ಮೈಸೂರಿನಲ್ಲಿಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. 1996ರಲ್ಲಿ ಸ್ಥಾಪನೆಯಾದ ಅದಕ್ಕೂ ಮೊದಲು, 1969ರಿಂದ, ಮೈಸೂರು ವಿಶ್ವವಿದ್ಯಾನಿಲಯವೇ ಅಂಚೆ ಶಿಕ್ಷಣ ನಡೆಸುತ್ತಿತ್ತು. ನಮ್ಮ ಎಷ್ಟೋ ಉಪಾಧ್ಯಾಯರು, ಗುಮಾಸ್ತರು ಹಾಗೆ ಪದವಿ ಪಡೆದವರೇ. ಕೌಂಟರಿನಲ್ಲಿರುವವರು ಬಿ.ಕಾಂ. ಆರಿಸಿಕೊಂಡರೆ ದಿನದ ಲೆಕ್ಕವೇ ಪಾಠಕ್ಕೆ ನೆರವಾಗುತ್ತದೆ.

ಪದವಿಗೆ ಮೂರು ವರ್ಷ ಬೇಕು. ಅಷ್ಟರಲ್ಲಿ ಬೇಗ ದೊರೆಯುವ ಒಂದು ಕಾಗದವೂ ಇದೆ. ಕೇಂದ್ರದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 'ಫಾಸ್ಟ್ಯಾಕ್' ಎಂಬ ತರಬೇತಿಯನ್ನು ಏರ್ಪಡಿಸಿದೆ. ಪರವಾನಗಿ ಪಡೆದ ಆಹಾರ ಸಂಸ್ಥೆಗಳಲ್ಲಿ ಆಹಾರ ಮುಟ್ಟುವ ಪ್ರತಿ 25 ಮಂದಿಗೆ ಒಬ್ಬರಾದರೂ ತರಬೇತಿ ಪಡೆದ ಮೇಲ್ವಿಚಾರಕರಿರಬೇಕೆಂಬುದು ಅದರ ಆಶಯ. ಕೆಲವೇ ಗಂಟೆಗಳಿಂದ ಒಂದೆರಡು ದಿನಗಳೊಳಗೆ ಮುಗಿಯುವ ಈ ತರಬೇತಿಯ ಪ್ರಮಾಣಪತ್ರ ಕೈಯಲ್ಲಿದ್ದರೆ ಆ ಹುಡುಗ ಮಳಿಗೆಗೆ ಬೇಕಾದವನಾಗುತ್ತಾನೆ. "ನನ್ನನ್ನು ಆ ತರಬೇತಿಗೆ ಕಳುಹಿಸಿ" ಎಂದು ಕೇಳಲು ಸಂಕೋಚಪಡಬಾರದು.

ಹೆತ್ತವರು ಮಾಡಬೇಕಾದದ್ದೂ ಇದೆ. ಮಗನೋ ಮಗಳೋ ಕೆಲಸಕ್ಕೆ ಸೇರುವ ದಿನ ಸಂಬಳವೆಷ್ಟು ಎಂದು ಮಾತ್ರ ಕೇಳುತ್ತೇವೆ. ಇಲ್ಲಿ ಎಷ್ಟು ಮೆಟ್ಟಿಲುಗಳಿವೆ, ಯಾವ ಮೆಟ್ಟಿಲಿಗೆ ಯಾವ ಕಾಗದ ಬೇಕು ಎಂದು ಕೇಳುವಂತೆ ಮಕ್ಕಳಿಗೆ ಹೇಳಬೇಕು. ನೇಮಕಾತಿ ಪತ್ರ, ಭವಿಷ್ಯನಿಧಿಯ ಸಂಖ್ಯೆ, ಮಾಡಿದ ಕೆಲಸದ ಅನುಭವ ಪತ್ರ, ಇವುಗಳನ್ನು ಕಾಪಾಡಿಡಬೇಕು. ನಾಲ್ಕು ವರ್ಷ ದುಡಿದು ಬರಿಗೈಯಲ್ಲಿ ಹೊರಬಂದವನು ಬೇರೆಡೆ ಮತ್ತೆ ನೆಲ ಒರೆಸುವುದರಿಂದಲೇ ಆರಂಭಿಸಬೇಕಾಗುತ್ತದೆ.

ಅರ್ಹತೆಯ ನಿಜವಾದ ಬೆಲೆ ಅಲ್ಲಿಯೇ ಕಾಣುವುದು. ಒಂದು ಮಳಿಗೆ ಬಡ್ತಿ ಕೊಡದಿದ್ದರೆ ಇನ್ನೊಂದು ಬಾಗಿಲನ್ನು ತಟ್ಟುವ ಧೈರ್ಯವನ್ನು ಅದು ಕೊಡುತ್ತದೆ. ಆಹಾರದ ಕೆಲಸವೆಂದರೆ ಕೌಂಟರ್ ಒಂದೇ ಅಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ 1989ರಿಂದ ನೆಸ್ಲೆ ಸಂಸ್ಥೆಯ ಕಾರ್ಖಾನೆಯಿದೆ. ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಿದ್ದು, ಅಲ್ಪಾವಧಿಯ ತರಬೇತಿಗಳನ್ನೂ ನಡೆಸುತ್ತದೆ. ಕೌಂಟರಿನಲ್ಲಿ ಕಲಿತ ಶುಚಿತ್ವಕ್ಕೆ, ಹೊತ್ತಿನ ಶಿಸ್ತಿಗೆ ಓದು ಸೇರಿದರೆ ದಾರಿಗಳು ಒಂದಲ್ಲ, ಹಲವು.

ಆ ಹುಡುಗನಿಗೆ ನಾವು ಹೇಳಿದ್ದೂ ಇದನ್ನೇ: "ಸಿಟ್ಟಿನಿಂದ ಕೆಲಸ ಬಿಡಬೇಡ ಮಗು. ಅರ್ಜಿ ಹಾಕಿ ಓದು. ಮೂರು ವರ್ಷ ನೀನು ಓದಿದರೂ ಕಳೆಯುತ್ತದೆ, ಓದದಿದ್ದರೂ ಕಳೆಯುತ್ತದೆ." ಅವನು ಸುಮ್ಮನೆ ಕೇಳಿದ. "ರಾತ್ರಿ ಪಾಳಿ ಮುಗಿಸಿ ಪುಸ್ತಕ ಹಿಡಿದ್ರೆ ಕಣ್ಣು ಮುಚ್ಚಿಹೋಗ್ತದೆ ದೊಡ್ಡಪ್ಪ" ಎಂದ. ಅದು ಸುಳ್ಳಲ್ಲ. ವಾರದ ರಜೆಯ ದಿನ ಊರಿಗೆ ಬಂದಾಗ ಹೊಲದ ಕೆಲಸಕ್ಕೆ ಕರೆಯದೆ ಅವನನ್ನು ಓದಲು ಬಿಡುವಂತೆ ತಾಯಿಗೆ ಹೇಳಿದೆವು. ಕಳೆದ ವಾರ ಮುಕ್ತ ವಿಶ್ವವಿದ್ಯಾನಿಲಯದ ಅರ್ಜಿಯ ವಿವರ ಕೇಳಿ ಅವನು ದೂರವಾಣಿ ಮಾಡಿದ್ದ. ಮುಂದಿನದು ಅವನ ಪ್ರಯತ್ನಕ್ಕೆ ಬಿಟ್ಟದ್ದು.

ಆದರೆ ಆ ತಾಯಿಗೆ ಹೇಳಬೇಕಾದ ಇನ್ನೊಂದು ಮಾತು ಉಳಿದಿದೆ. ಅದನ್ನು ಎಲ್ಲ ಮನೆಗಳಿಗೂ ಸೇರಿಸಿ ಹೇಳುತ್ತೇವೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಂಬಿದ ಪರಂಪರೆ ನಮ್ಮದು. ಹಸಿದವರ ಮುಂದೆ ತಟ್ಟೆ ಇಡುವ ಕೆಲಸವನ್ನು 'ಕಂಪನಿ ಕೆಲಸ' ಎಂಬ ಮಾತಿನ ಹಿಂದೆ ಮರೆಮಾಡಿದರೆ, ತಲೆ ತಗ್ಗಿಸುವವನು ದುಡಿಯುವ ಮಗನೇ. ಹೆಣ್ಣು ಕೊಡುವವರೂ ಹುಡುಗನ ಹುದ್ದೆಯ ಹೆಸರನ್ನು ಕೇಳುವ ಬದಲು, ನಾಲ್ಕು ವರ್ಷಗಳಲ್ಲಿ ಅವನು ಏನು ಕಲಿತ, ಮುಂದೆ ಏನು ಕಲಿಯಲಿದ್ದಾನೆ ಎಂದು ಕೇಳಲಿ. ಮುಂದಿನ ಸಲ ಯಾರಾದರೂ ಕೇಳಿದಾಗ ಆ ತಾಯಿ, "ನನ್ನ ಮಗ ಹೋಟೆಲಿನಲ್ಲಿ ಹೊಸಬರಿಗೆ ಕೆಲಸ ಕಲಿಸುತ್ತಾನೆ, ಜೊತೆಗೆ ಓದುತ್ತಿದ್ದಾನೆ" ಎಂದು ತಲೆಯೆತ್ತಿ ಹೇಳುವಂತಾಗಲಿ.