ಕೊಳವೆಬಾವಿಯ ನೀರಿಗೆ ಊರಿನದೇ ಅಳತೆಗೋಲು

ಗುಡೇಕೋಟೆಯ ಬಂಡೆಗುಡ್ಡಗಳಿಂದ ತುಂಗಭದ್ರೆಯ ದಂಡೆಯ ಹಡಗಲಿ ಸೀಮೆಯವರೆಗೆ ಹಬ್ಬಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಮಳೆ ಕಡಿಮೆ, ಕೊಳವೆಬಾವಿಗಳ ಅವಲಂಬನೆ ಹೆಚ್ಚು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಖನಿಜಗಳಿಂದ ಫ್ಲೋರೈಡ್ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡಿದಾಗ, ಹಿರಿಯರ ಬೆನ್ನು, ಮಂಡಿ ಬಿಗಿದಾಗಲಷ್ಟೇ ಅದರ ಇರವು ತಿಳಿಯುತ್ತದೆ. ಕುದಿಸಿದರೂ ಅದು ಹೋಗದು. ನೀರು ಆರಿದಷ್ಟೂ ಸಾಂದ್ರತೆ ಹೆಚ್ಚುತ್ತದೆ.

ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಿದ್ದಲ್ಲಿ ಮಾತ್ರ 1.5ರವರೆಗೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿಯ ಕ್ರಮವನ್ನು ತಂದಿತು. ಆದರೆ ಅಲ್ಲಿ ಫ್ಲೋರೈಡನ್ನು ಅಳೆಯುವುದು ಬಣ್ಣ ನೋಡಿ, ಕಣ್ಣಂದಾಜಿನಲ್ಲಿ. 1 ಮತ್ತು 1.5ರ ನಡುವಿನ ಛಾಯೆಯಲ್ಲಿ ಇಬ್ಬರ ಕಣ್ಣು ಒಂದಾಗುವುದು ಕಷ್ಟ; ಬಾವಿಯ ನೀರು ಕುಡಿಯಲು ಯೋಗ್ಯವೇ ಎಂಬ ತೀರ್ಮಾನ ನಿಂತಿರುವುದೂ ಅಲ್ಲಿಯೇ.

ಮನೆಯಲ್ಲೇ ಕಟ್ಟಬಹುದಾದ ರೋಹಿತಮಾಪಕ, ಅಂದರೆ ಸ್ಪೆಕ್ಟ್ರೋಮೀಟರ್, ಇಲ್ಲಿ ನೆರವಾಗುತ್ತದೆ. 2010ರ ಮೆಕ್ಸಿಕೋ ಕೊಲ್ಲಿಯ ತೈಲ ಸೋರಿಕೆಯ ನಂತರ ಅಮೆರಿಕದಲ್ಲಿ ಹುಟ್ಟಿದ ಪಬ್ಲಿಕ್ ಲ್ಯಾಬ್ ಸಂಘಟನೆ ಇಂಥ ಉಪಕರಣವನ್ನು ಜನಸಾಮಾನ್ಯರ ಕೈಗೆ ತಂದಿತು. ಒಳಗೆ ಕಪ್ಪು ಬಳಿದ ರಟ್ಟಿನ ಪೆಟ್ಟಿಗೆ, ಎರಡು ಬ್ಲೇಡುಗಳ ನಡುವಿನ ಕೂದಲೆಳೆಯಷ್ಟು ಸೀಳು, ಹೊಳೆಯುವ ಪದರ ಕಿತ್ತ ಡಿವಿಡಿಯ ತುಣುಕು, ಹಳೆಯ ವೆಬ್ ಕ್ಯಾಮೆರಾ, ಇಷ್ಟೇ ಸಾಮಗ್ರಿ. ಮಿಲಿಮೀಟರಿಗೆ ಸುಮಾರು 1350 ಗೆರೆಗಳಿರುವ ಡಿವಿಡಿ ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತದೆ. ಸಿಎಫ್ಎಲ್ ದೀಪದ ಪಾದರಸದ ಗೆರೆಗಳು, 436 ನ್ಯಾನೊಮೀಟರಿನ ನೀಲಿ ಮತ್ತು 546ರ ಹಸಿರು, ಅಳತೆಪಟ್ಟಿ ಗುರುತಿಸಲು ಸಾಕು.

ಆದರೆ ಪೆಟ್ಟಿಗೆಗೆ ಬಣ್ಣವಿಲ್ಲದ ಫ್ಲೋರೈಡ್ ನೇರವಾಗಿ ಕಾಣದು. ಜಿರ್ಕೋನಿಯಂ ಸೇರಿದ ಸ್ಪಾಡ್ನ್ಸ್ ಎಂಬ ಕೆಂಪು ದ್ರಾವಣವನ್ನು ನೀರಿಗೆ ಬೆರೆಸಬೇಕು. ಫ್ಲೋರೈಡ್ ಹೆಚ್ಚಿದಂತೆ ಕೆಂಪು ಮಾಸುತ್ತದೆ. ಆ ಮಾಸುವಿಕೆಯನ್ನು 570 ನ್ಯಾನೊಮೀಟರಿನ ಬೆಳಕಿನಲ್ಲಿ ಅಳೆಯಬೇಕು. ಮೊದಲು ಭಟ್ಟಿ ಇಳಿಸಿದ ನೀರು, ನಂತರ ಪ್ರಮಾಣ ತಿಳಿದ ಫ್ಲೋರೈಡ್ ದ್ರಾವಣಗಳು, ಕೊನೆಗೆ ಬಾವಿಯ ನೀರು: ಈ ಕ್ರಮ ತಪ್ಪಿದರೆ ಅಂಕಿಗೆ ಅರ್ಥವಿಲ್ಲ. ಕ್ಯಾಮೆರಾ ತಾನಾಗಿ ಬೆಳಕು ಹೊಂದಿಸಿಕೊಳ್ಳದಂತೆ ನೋಡಿಕೊಳ್ಳಬೇಕು. ಈ ವಿಧಾನ ಲೀಟರಿಗೆ 1.4 ಮಿಲಿಗ್ರಾಂವರೆಗೆ ನಂಬಲರ್ಹ. ಅದಕ್ಕೂ ಮೀರಿದ ನೀರನ್ನು ತೆಳುಗೊಳಿಸಿ ಅಳೆಯಬೇಕು. ಕ್ಷಾರ, ಅಲ್ಯೂಮಿನಿಯಂ, ಕ್ಲೋರಿನ್ ಫಲಿತಾಂಶವನ್ನು ಕೆಡಿಸಬಲ್ಲವು. ಆಮ್ಲಯುಕ್ತ ದ್ರಾವಣವನ್ನು ರಸಾಯನಶಾಸ್ತ್ರದ ಅಧ್ಯಾಪಕರ ಸಮ್ಮುಖದಲ್ಲಷ್ಟೇ ಬಳಸುವುದು ಕ್ಷೇಮ.

ಆದ್ದರಿಂದ ಈ ಪೆಟ್ಟಿಗೆ ಪ್ರಯೋಗಾಲಯಕ್ಕೆ ಪರ್ಯಾಯವಲ್ಲ; ಯಾವ ಬಾವಿಯ ನೀರನ್ನು ಮೊದಲು ಅಲ್ಲಿಗೆ ಒಯ್ಯಬೇಕೆಂದು ಹೇಳುವ ದಾರಿದೀಪ. ಐದೂ ತಾಲ್ಲೂಕುಗಳ ಪದವಿಪೂರ್ವ ಕಾಲೇಜುಗಳು ಇದನ್ನು ಕಟ್ಟಲಿ. ಬೇಸಿಗೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಅಳೆದು, ಬಾವಿವಾರು ಅಂಕಿಯನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಲಿ. ಗ್ರಾಮಸಭೆಯಲ್ಲಿ ಶುದ್ಧ ನೀರು ಕೇಳುವವರ ಬಳಿ ಗೋಳಿನ ಜೊತೆಗೆ ಲೆಕ್ಕವೂ ಇರಬೇಕು.