ಎಪ್ಪತ್ತೆರಡು ಗಂಟೆಗಳು

ಶ್ರೀಮಂಗಲದಂತಹ ಊರಿನಲ್ಲಿ ಔಷಧದ ಅಂಗಡಿಯ ಮುಂದೆ ನಿಂತವರನ್ನು ಬೀದಿಯವರೆಲ್ಲರೂ ಬಲ್ಲರು. ತಲೆನೋವಿನ ಗುಳಿಗೆಯನ್ನು ಕೇಳುವವರಿಗೆ ಅದರಿಂದ ಬಾಧಕವಿಲ್ಲ. ತುರ್ತು ಗರ್ಭನಿರೋಧಕ ಗುಳಿಗೆಯನ್ನು ಕೇಳಬೇಕಾದ ಹೆಣ್ಣುಮಗಳಿಗಾದರೋ ಅದೇ ದೊಡ್ಡ ಅಡ್ಡಿ. ಸಂಕೋಚದಿಂದ ಆಕೆ ಒಂದು ದಿನ ತಡೆಯುವಳು; ಗೋಣಿಕೊಪ್ಪಲಿನಲ್ಲಿ ಗುರುತಿನವರಿರಲಾರರೆಂದು ಬಸ್ಸಿಗಾಗಿ ಮತ್ತೊಂದು ದಿನ ಕಾಯುವಳು. ಈ ಔಷಧವೋ ಕಾಲವಿಳಂಬವನ್ನು ಸಹಿಸತಕ್ಕುದಲ್ಲ.

ವಿದ್ಯಾವಂತರಲ್ಲಿಯೂ ಅನೇಕರು ಇದನ್ನು ಗರ್ಭಪಾತದ ಮದ್ದೆಂದೇ ಭಾವಿಸಿರುವುದನ್ನು ನಾವು ಬಲ್ಲೆವು. ಅದು ಶುದ್ಧ ತಪ್ಪು. ಲೆವೊನೊರ್ಜೆಸ್ಟ್ರೆಲ್ ಎಂಬ ಈ ಗುಳಿಗೆಯು ಅಂಡವು ಹೊರಬೀಳುವುದನ್ನು ತಡೆಯುತ್ತದೆ ಇಲ್ಲವೆ ಮುಂದಕ್ಕೆ ಹಾಕುತ್ತದೆ. ಆಗಲೇ ನಿಂತ ಗರ್ಭವನ್ನು ಅದು ಕೆಡಿಸಲಾರದು. 1.5 ಮಿಲಿಗ್ರಾಂ ಪ್ರಮಾಣದ ಒಂದೇ ಗುಳಿಗೆಯನ್ನು ಸಂಭೋಗವಾದ 72 ಗಂಟೆಗಳೊಳಗೆ ನುಂಗತಕ್ಕದ್ದು. ಬೇಗನಾದಷ್ಟೂ ಫಲ ಹೆಚ್ಚು. ಎರಡು ಗಂಟೆಗಳೊಳಗೆ ವಾಂತಿಯಾದರೆ ಮತ್ತೊಂದನ್ನು ತೆಗೆದುಕೊಳ್ಳಬೇಕು. ಮುಟ್ಟು ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಗರ್ಭಪರೀಕ್ಷೆ ಅವಶ್ಯ. ಮೂರು ದಿನ ಮೀರಿದವರೂ ನಿರಾಶರಾಗಬೇಕಾಗಿಲ್ಲ: ಐದು ದಿನಗಳೊಳಗೆ ವೈದ್ಯರಿಂದ ಕಾಪರ್-ಟಿ ಎಂಬ ವಂಕಿಯನ್ನು ಹಾಕಿಸಿಕೊಂಡರೆ ಅದು ಗುಳಿಗೆಗಿಂತಲೂ ಹೆಚ್ಚು ಫಲಕಾರಿ. ನಿತ್ಯದ ಉಪಾಯವಾಗಿ ಗುಳಿಗೆ ಸಲ್ಲದು; ಲೈಂಗಿಕ ರೋಗಗಳಿಂದಲೂ ಅದು ಕಾಪಾಡದು.

ಈ ಗುಳಿಗೆಯನ್ನು ಕೊಳ್ಳಲು 2005ರಿಂದ ವೈದ್ಯರ ಚೀಟಿ ಬೇಕಿಲ್ಲ. ಹಾಗಿದ್ದೂ ಚೀಟಿಯೆಲ್ಲಿ, ಗಂಡನೆಲ್ಲಿ ಎಂದು ವಿಚಾರಣೆಗೆ ತೊಡಗುವ ಅಂಗಡಿಕಾರನಿಗೆ ನ್ಯಾಯಾಧೀಶನ ಪದವಿಯನ್ನು ಕೊಟ್ಟವರಾರೆಂದು ನಾವು ಕೇಳುತ್ತೇವೆ. ಸರಕಾರದ ಆರೋಗ್ಯಕೇಂದ್ರಗಳಲ್ಲಿ ಇದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಗರ್ಭನಿರೋಧಕಗಳನ್ನು ಆಶಾ ಕಾರ್ಯಕರ್ತೆಯರ ಮೂಲಕ ಮನೆಬಾಗಿಲಿಗೇ ಮುಟ್ಟಿಸಲು 2011ರಲ್ಲಿ ಆರಂಭವಾದ ಯೋಜನೆಯಲ್ಲಿ ಇದಕ್ಕೆ ಗೊತ್ತುಮಾಡಿದ ಬೆಲೆ ಎರಡೇ ರೂಪಾಯಿ. ಬಲಾತ್ಕಾರಕ್ಕೆ ಗುರಿಯಾದವಳಿಗಂತೂ, ಸರಕಾರಿ ಖಾಸಗಿ ಎಂಬ ಭೇದವಿಲ್ಲದೆ, ಪ್ರತಿಯೊಂದು ಆಸ್ಪತ್ರೆಯೂ ತಕ್ಷಣ ಉಚಿತವಾಗಿ ಚಿಕಿತ್ಸೆ ನೀಡಬೇಕೆಂಬುದು ಕಾನೂನಿನ ಕಟ್ಟಳೆ.

ನೆರೆಯ ಮೈಸೂರು ಸಂಸ್ಥಾನವು 1930ರಷ್ಟು ಹಿಂದೆಯೇ ಸಂತಾನನಿಯಮನದ ಚಿಕಿತ್ಸಾಲಯಗಳನ್ನು ಸರಕಾರದ ವತಿಯಿಂದ ತೆರೆದು, ಲೋಕದ ಇತರ ಸರಕಾರಗಳಿಗೆ ಮೇಲ್ಪಂಕ್ತಿಯಾಗಿತ್ತು. ಅಂದಿನ ಅಧಿಕಾರಿಗಳಿಗೆ ಇಲ್ಲದ ನಾಚಿಕೆ ಇಂದಿನವರಿಗೇಕೆ?

ಕೊಡಗಿನ ಆರೋಗ್ಯಾಧಿಕಾರಿಗಳಲ್ಲಿ ನಮ್ಮ ಅರಿಕೆ ಇಷ್ಟೇ. ಮಳೆ ಹಿಡಿದು ದಾರಿಗಳು ಕಟ್ಟುವುದಕ್ಕೆ ಮೊದಲು ಶ್ರೀಮಂಗಲ, ಬಿರುನಾಣಿ, ಕುಟ್ಟ ಈ ಕಡೆಯ ಆಶಾ ಕಾರ್ಯಕರ್ತೆಯರ ಚೀಲಗಳಲ್ಲಿ ಗುಳಿಗೆ ಇದೆಯೇ, ಅದರ ಅವಧಿ ಮುಗಿದಿಲ್ಲವಷ್ಟೆ ಎಂಬುದನ್ನು ಪರಿಶೀಲಿಸಲಿ. ಔಷಧದ ಅಂಗಡಿಗಳವರಿಗೆ ಕಾಯಿದೆಯನ್ನು ತಿಳಿಯಹೇಳಲಿ. ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ ಕೂಲಿ ಹೆಂಗಸರಿಗೆ ಓದು ಬಾರದಿರಬಹುದು. ಅಲ್ಲಿಗೆ ಭಿತ್ತಿಪತ್ರವನ್ನಲ್ಲ, ಹೆಣ್ಣಾಳೊಬ್ಬಳನ್ನೇ ಕಳುಹಿಸಿ ಬಾಯಿಮಾತಿನಲ್ಲಿ ತಿಳಿಸಲಿ.