ಪೊದೆ ಕಡಿಯುವ ಮುನ್ನ ಒಮ್ಮೆ ಬಗ್ಗಿ ನೋಡಿ

ಕಂಬಂ ಕಣಿವೆ ಎಂದರೆ ನಮಗೆ ನೆನಪಾಗುವುದು ದ್ರಾಕ್ಷಿ ತೋಟ, ಭತ್ತದ ಗದ್ದೆ. 1895ರಿಂದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಕಂಡ ನೆಲ ಅದು. ಆದರೆ ತೇನಿಯಿಂದ ಆಂಡಿಪಟ್ಟಿ ಕಡೆಗೋ ದಿಂಡಿಗಲ್ ಕಡೆಗೋ ಬಸ್ಸು ಹತ್ತಿ ನೋಡಿ. ಹಸಿರು ಮುಗಿದು ಕೆಂಪು ಮಣ್ಣು, ಕಲ್ಲು, ಮುಳ್ಳುಪೊದೆ ಶುರುವಾಗುತ್ತದೆ. ಘಟ್ಟದ ಮಳೆನೆರಳಿನ ಸೀಮೆ.

ಕಳೆದ ವರ್ಷ ಆ ದಾರಿಯ ಒಂದು ಊರಿನಲ್ಲಿ ಜೆಸಿಬಿ ತಂದು ಪೊದೆಯನ್ನೆಲ್ಲ ಬೋಳಿಸಿ ಬೇವು, ಹೊಂಗೆ ಸಸಿ ನೆಟ್ಟಿದ್ದರು. ಬೇಸಿಗೆಯಲ್ಲಿ ಮತ್ತೆ ಹೋದಾಗ ಉಳಿದಿದ್ದದ್ದು ಆಸರೆಗೆ ನೆಟ್ಟ ಕೋಲುಗಳು ಮಾತ್ರ. ತಮಾಷೆ ಎಂದರೆ ಬದುವಿನಲ್ಲಿ ಕಡಿಯದೆ ಬಿಟ್ಟ ಒಂದು ಕಾರೆಮುಳ್ಳಿನ ಪೊದೆಯೊಳಗೆ, ಯಾರೂ ನೆಡದ, ಯಾರೂ ನೀರು ಹಾಕದ ಬೇವಿನ ಗಿಡ ಎದೆಯೆತ್ತರ ಬೆಳೆದಿತ್ತು!

ಇದರಲ್ಲಿ ಪವಾಡವೇನೂ ಇಲ್ಲ. ಹಣ್ಣು ತಿಂದ ಹಕ್ಕಿ ಪೊದೆಯ ಮೇಲೆ ಕೂತು ಬೀಜ ಉದುರಿಸುತ್ತದೆ. ಪೊದೆಯ ನೆರಳಿನಲ್ಲಿ ಮಣ್ಣು ಅಷ್ಟು ಕಾಯುವುದಿಲ್ಲ, ತೇವ ನಾಲ್ಕು ದಿನ ಹೆಚ್ಚು ನಿಲ್ಲುತ್ತದೆ. ಉದುರಿದ ಎಲೆ ಗೊಬ್ಬರವಾಗುತ್ತದೆ. ಮುಳ್ಳು ಮೇಕೆಯ ಬಾಯಿಯನ್ನು ತಡೆಯುತ್ತದೆ. ತಂಗಡಿ, ಬಂದರಿಕೆ, ಕವಳೆ, ಕಾರೆ ಇವೆಲ್ಲ ಒಣನೆಲದ ಬಾಣಂತಿಕೋಣೆಗಳು. ನಮ್ಮ ಶ್ರೀಗಂಧವೂ ಹೀಗೆಯೇ ಪೊದೆಗಳ ನಡುವೆ ಹುಟ್ಟಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ತಗುಲಿಸಿಕೊಂಡು ಬದುಕುವ ಮರ.

ಹಾಗಾದರೆ ಪೊದೆಗಳೆಲ್ಲ ಸಾಧುಗಳೇ? ಅಲ್ಲ. ಪೊದೆಯೂ ನೀರು ಕುಡಿಯುತ್ತದೆ, ಬಿಸಿಲು ಮರೆಮಾಡುತ್ತದೆ. ಬರ್ಟ್‌ನೆಸ್ ಮತ್ತು ಕ್ಯಾಲವೇ ಎಂಬ ವಿಜ್ಞಾನಿಗಳು 1994ರಲ್ಲಿ ಒಂದು ಮಾತು ಮುಂದಿಟ್ಟರು: ಕಷ್ಟದ ನೆಲದಲ್ಲಿ ಗಿಡಗಳ ನಡುವೆ ನೆರವು ಹೆಚ್ಚು, ಸುಖದ ನೆಲದಲ್ಲಿ ಪೈಪೋಟಿ ಹೆಚ್ಚು. ಇದಕ್ಕೆ ಅಪವಾದಗಳು ಸಿಕ್ಕಿವೆ, ಆದರೂ ಒಣಸೀಮೆಯವರಿಗೆ ಯೋಚಿಸಬೇಕಾದ ಮಾತು.

ಇನ್ನು ಬಳ್ಳಾರಿ ಜಾಲಿಯ ಕಥೆ ಬೇರೆ. ತಮಿಳಿನಲ್ಲಿ ಸೀಮೈ ಕರುವೇಲಂ. ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದದ್ದು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದರ ಬುಡದಲ್ಲಿ ಬೆಳೆಯುವ ಗಿಡಗಳನ್ನು ಎಣಿಸಿತು. ನಮ್ಮ ದೇಶದಲ್ಲಿ ಇದರ ಕೆಳಗೆ ಸಸ್ಯಜಾತಿಗಳು ಬಯಲಿಗಿಂತ ತೀರಾ ಕಡಿಮೆ. ಅದರ ತವರಾದ ವೆನೆಜುವೆಲಾದಲ್ಲಿ ಹಾಗಿರಲಿಲ್ಲ. ಇದರದೇ ದಾಯಾದಿಯಾದ ನಮ್ಮ ಬನ್ನಿ ಮರದ ಕೆಳಗೂ ಹಾಗಿರಲಿಲ್ಲ. ಒಂದೇ ಕುಲ, ಆದರೆ ಒಂದು ಸಾಕುತ್ತದೆ, ಒಂದು ತಿನ್ನುತ್ತದೆ.

2017ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಈ ಜಾಲಿಯನ್ನು ಕಿತ್ತುಹಾಕಲು ಆದೇಶಿಸಿತ್ತು. 2022ರಲ್ಲಿ ತಮಿಳುನಾಡು ಸರ್ಕಾರ ಹೊರಗಿನಿಂದ ಬಂದು ಹಬ್ಬುವ ಸಸ್ಯಗಳ ಬಗ್ಗೆ ಒಂದು ನೀತಿಯನ್ನೇ ತಂದಿತು. ಜಾಲಿ ಕೀಳುವುದಕ್ಕೆ ನನ್ನ ತಕರಾರಿಲ್ಲ. ಅದರ ಸೌದೆ, ಇದ್ದಿಲನ್ನೇ ನಂಬಿದ ಬಡವರಿಗೆ ಬೇರೆ ದಾರಿ ತೋರಿಸಿ ಕೀಳಲಿ. ನನ್ನ ತಕರಾರು ಜೆಸಿಬಿಯ ಬಗ್ಗೆ. ಅದಕ್ಕೆ ಜಾಲಿಯೂ ಒಂದೇ, ಕಾರೆಯೂ ಒಂದೇ. ಸರ್ಕಾರಿ ಕಾಗದದಲ್ಲೂ ಪೊದೆ ಬೆಳೆದ ನೆಲಕ್ಕೆ 'ಪಾಳು' ಎಂದೇ ಹೆಸರು. ಬೋಳಿಸಿದ ನೆಲಕ್ಕೆ ಮೊದಲು ನುಗ್ಗುವುದು ಯಾರು ಅಂದುಕೊಂಡಿರಿ? ಅದೇ ಜಾಲಿ!

ಅದಕ್ಕೇ ನನ್ನದೊಂದು ಸಲಹೆ. ಮುಂದಿನ ವನಮಹೋತ್ಸವದಲ್ಲಿ ಮಕ್ಕಳ ಕೈಗೆ ಸಸಿ ಕೊಡುವ ಮೊದಲು ಒಂದು ಮೀಟರ್ ಹಗ್ಗ ಕೊಡಿ. ಪ್ರತಿ ಪೊದೆಯ ಬುಡದಲ್ಲಿ ಒಂದು ಚೌಕ, ಪಕ್ಕದ ಬಯಲಿನಲ್ಲಿ ಒಂದು ಚೌಕ ಹಾಕಲಿ. ಎರಡರಲ್ಲೂ ಎಷ್ಟು ಬಗೆಯ ಗಿಡ ಇದೆ, ಎಣಿಸಿ ಬರೆಯಲಿ. ಬುಡ ಬರಿದಾಗಿದ್ದರೆ ಆ ಪೊದೆ ಹೋಗಲಿ. ಬುಡದಲ್ಲಿ ಮರಿಗಳಿದ್ದರೆ ಪೊದೆ ಇರಲಿ, ನಮ್ಮ ಸಸಿಯನ್ನೂ ಅದರ ಮಗ್ಗುಲಲ್ಲೇ ನೆಡೋಣ. ಖರ್ಚು ಒಂದು ಹಗ್ಗದ್ದು ಮಾತ್ರ.

ನಿಮ್ಮೂರಿನ ಪೊದೆಗಳ ಬುಡದಲ್ಲಿ ಏನಿದೆ? ಬಗ್ಗಿ ನೋಡಿದ್ದೀರಾ?